ನೆಲ ಮುಟ್ಟದ ದೊರೆ

ನಮ್ಮೂರ ದೊರೆಯನ್ನು ಗೌರವದಿಂದ ನಾನಾ ಎನ್ನುತ್ತೇವೆ, ಅವರ ಜೊತೆ ಯಾರೂ ನೇರವಾಗಿ ಮಾತಾಡುವಂತಿಲ್ಲ. ಹೇಳಬೇಕಾದದ್ದನ್ನು ಒಚಾಮೆಗೆ ಹೇಳಬೇಕು. ಒಚಾಮೆ ಎಂದರೆ ದೊರೆಯ ಬಾಯಿ. ದೊರೆ ಪಕ್ಕದಲ್ಲೇ ಕೂತು ಎಲ್ಲವನ್ನೂ ಕೇಳಿಸಿಕೊಂಡಿರುತ್ತಾರೆ. ಆದರೂ ಆ ಮಾತು ಒಚಾಮೆಯ ನಾಲಿಗೆಯ ಮೇಲೆ ಹಾದು, ಒರಟುತನ ಕಳೆದುಕೊಂಡು ಮೆತ್ತಗಾದ ಮೇಲೆಯೇ ಅವರಿಗೆ ತಲುಪಿದ ಲೆಕ್ಕ. ದೊರೆಯ ಉತ್ತರವೂ ಅಷ್ಟೇ, ಅವರು ಮೆಲ್ಲಗೆ ಗೊಣಗಿದ್ದನ್ನು ಒಚಾಮೆ ಅಲಂಕಾರ ಮಾಡಿ ಹೊರಗೆ ಬಿಡುತ್ತಾನೆ. ನಾನು ಇದನ್ನೇ ನೋಡುತ್ತ ಬೆಳೆದವಳು, ಅದರ ಬಗ್ಗೆ ನನಗೆ ಯಾವ ತಕರಾರೂ ಇರಲಿಲ್ಲ. ನಾನಾ ಸಾರ್ಫೊ ಕುಮಾಸಿಯ ಆಸ್ಪತ್ರೆಯಲ್ಲಿ ನನ್ನ ಎಂಆರ್‌ಐ ಕೋಣೆಗೆ ಬರುವ ತನಕ ಇರಲಿಲ್ಲ.

ಬಂದದ್ದು ಹಿಂಬಾಗಿಲಿನಿಂದ. ಛತ್ರಿಯಿಲ್ಲ, ತಮಟೆಯಿಲ್ಲ, ಹಿಂದೆ ಮುಂದೆ ಜನವಿಲ್ಲ. ಸಾವಿನ ಮನೆಗೆ ಹೋಗುವವರ ಹಾಗೆ ಸಾದಾ ಕಪ್ಪು ಬಟ್ಟೆಯನ್ನು ಹೆಗಲಿಗೆ ಹೊದ್ದಿದ್ದರು. ಜೊತೆಗೆ ಒಚಾಮೆ ಡುವಾ ಒಬ್ಬನೇ. ಅವನ ಚಿನ್ನದ ತಗಡಿನ ಕೋಲಿಗೆ ಹಳೆಯ ಟವೆಲ್ ಸುತ್ತಿತ್ತು, ಆದರೆ ಅದನ್ನು ಹಿಡಿದ ಗತ್ತಿನಲ್ಲೇ ಇಡೀ ವರಾಂಡಕ್ಕೆ ಯಾರೋ ದೊಡ್ಡವರು ಬಂದರು ಎಂದು ಗೊತ್ತಾಗುತ್ತಿತ್ತು. ನಾನು ಚಪ್ಪಲಿ ಬಿಟ್ಟು ಬಗ್ಗಿದೆ.

"ಡಾಕ್ಟ್ರಮ್ಮ," ಎಂದ ಒಚಾಮೆ, "ನಾನಾ ಅವರ ಆಸನ ಸ್ವಲ್ಪ ಬೆಚ್ಚಗಾಗಿದೆ."

ನನ್ನ ಕೈಯಲ್ಲಿ ಸರ್ಜನ್ ಕ್ಪೊಡೊ ಬರೆದ ಚೀಟಿ ಇತ್ತು. ಅವರು ಕಡಲ ಕಡೆಯವರು, ಎವೆ ಬುಡಕಟ್ಟಿನವರು, ಅಲಂಕಾರ ಗೊತ್ತಿಲ್ಲ. ಹಳೆಯ ಭಗಂದರ, ಗುದದ ಪಕ್ಕ ಎರಡು ಬಾಯಿ, ಹತ್ತು ವರ್ಷಕ್ಕೂ ಮೇಲಿನದು, ಒಳದಾರಿ ಎಲ್ಲೆಲ್ಲಿ ಹೋಗಿದೆ ನೋಡಿ ಎಂದು ಬರೆದಿದ್ದರು. ಓದಿ ನನಗೆ ಒಂದು ವಿಷಯ ಹೊಳೆದು ನಾಚಿಕೆಯಾಯಿತು. ನಾನಾ ಯಾವಾಗಲೂ ಪೀಠದ ಮೇಲೆ ಎಡಕ್ಕೆ ವಾಲಿಕೊಂಡು, ಬಲ ತೊಡೆ ಸ್ವಲ್ಪ ಎತ್ತಿ ಕೂರುತ್ತಿದ್ದರು. ಊರಿನವರು ಅದನ್ನು ಠೀವಿ ಎಂದುಕೊಂಡಿದ್ದೆವು. ಪಂಚಾಯಿತಿಗೆ ಕೂರುವ ಹಿರಿಯರಲ್ಲಿ ಇಬ್ಬರು ಮೂವರು ಹಾಗೇ ವಾಲಿ ಕೂರುವುದನ್ನು ಕಲಿತಿದ್ದರು. ಅಷ್ಟೂ ವರ್ಷ ಆ ಮನುಷ್ಯ ಕೀವಿನ ಮೇಲೆ ಕೂತು ನಮ್ಮ ಜಗಳಗಳನ್ನು ಬಿಡಿಸುತ್ತಿದ್ದರು. ನನ್ನ ತಾಯಿಯನ್ನು ಗದ್ದೆಯಿಂದ ಓಡಿಸಲು ಬಂದ ಅಪ್ಪನ ಕಡೆಯವರನ್ನು ವಾಪಸು ಕಳಿಸಿದವರೂ ಅವರೇ.

ಯಾಕೆ ಇಷ್ಟು ವರ್ಷ ಬಿಟ್ಟುಕೊಂಡರು ಎಂದು ನಮ್ಮ ಜನ ಕೇಳುವುದಿಲ್ಲ. ದೊರೆಯಾದವನ ಮೈ ಪೂರ್ತಿ ಇರಬೇಕು. ಬೆರಳೊಂದು ತುಂಡಾದರೂ ಪೀಠ ಬಿಡಬೇಕು. ಅವನ ಮೈಗೆ ಕತ್ತಿ ತಾಗಬಾರದು, ಬರಿಗಾಲು ನೆಲ ಮುಟ್ಟಬಾರದು. ಇನ್ನು ಅವನ ಅಂಡು ಬರಿನೆಲಕ್ಕೆ ತಾಗಿತೋ, ಅಲ್ಲಿಗೆ ಮುಗಿಯಿತು. ತಪ್ಪು ಮಾಡಿದ ದೊರೆಯನ್ನು ಇಳಿಸುವಾಗ ಹಿರಿಯರು ಮಾಡುವುದೂ ಅದನ್ನೇ, ಚಪ್ಪಲಿ ಕಿತ್ತು ನೆಲಕ್ಕೆ ಕುಕ್ಕುವುದು. ಹೀಗಿರುವಾಗ ಆ ಜಾಗಕ್ಕೇ ಹುಣ್ಣಾದರೆ ಯಾರಿಗೆ ಹೇಳುವುದು? ನಮ್ಮಲ್ಲಿ ಕೆಳಗಿನ ಯಾವ ಕಾಯಿಲೆಗೂ ಇರುವುದು ಒಂದೇ ಹೆಸರು, ಕೂಕೊ. ಬಸ್ಸು ನಿಂತಲ್ಲೆಲ್ಲ ಮೈಕು ಹಿಡಿದು ಅದರ ಔಷಧಿ ಮಾರುತ್ತಾರೆ. ಶುಂಠಿ, ಮೆಣಸು, ಬೇರು, ಎಲ್ಲ ಸೀಸೆಗಳೂ ಗುಟ್ಟಾಗಿ ಅರಮನೆಯೊಳಗೆ ಹೋಗಿರಬೇಕು.

ಯಂತ್ರದ ಕೋಣೆಯ ಬಾಗಿಲಲ್ಲಿ ಮೊದಲ ತೊಡಕು ಎದುರಾಯಿತು. ಒಳಗಿರುವುದು ದೊಡ್ಡ ಅಯಸ್ಕಾಂತ, ಲೋಹದ ಚೂರೂ ಇರಕೂಡದು. ಉಂಗುರಗಳನ್ನು ಸೋಪು ಹಚ್ಚಿ ತೆಗೆದೆವು. ಕೊರಳಿನ ಚರ್ಮದ ತಾಯತದೊಳಗೆ ಏನಿದೆ ಎಂದು ಕೇಳಿದೆ. ಒಚಾಮೆ ನಾನಾ ಅವರ ಕಡೆ ನೋಡಿ, "ಹಿರಿಯರಿದ್ದಾರೆ" ಎಂದ. ಹಿರಿಯರ ಜೊತೆ ಕಬ್ಬಿಣ ಇದೆಯೋ ಇಲ್ಲವೋ ಎಂದು ಕೇಳಿದೆ. ಇದೆಯಂತೆ. ಅದನ್ನೂ ಬಿಚ್ಚಿಸಿದೆ. ಕೊನೆಗೆ ಚಪ್ಪಲಿ. ಅದರ ಪಟ್ಟಿಯ ತುಂಬ ಲೋಹದ ಚಿತ್ತಾರ.

"ಚಪ್ಪಲಿ ಬಿಚ್ಚೋ ಹಾಗಿಲ್ಲ," ಎಂದ ಒಚಾಮೆ.

"ಹಾಕ್ಕೊಂಡು ಒಳಗೆ ಹೋದ್ರೆ ಯಂತ್ರ ಕಿತ್ಕೊಳ್ಳುತ್ತೆ. ಆಮೇಲೆ ಯಂತ್ರಾನೇ ದೊರೆ ಮಾಡ್ಕೊಳ್ಳಿ."

ನಾನಾ ಗಂಟಲಲ್ಲೇ ನಕ್ಕಂತೆ ಕೇಳಿಸಿತು. ಕೊನೆಗೆ ಬಾಗಿಲಿನಿಂದ ಮಂಚದವರೆಗೆ ಬಿಳಿ ಹಾಸುಬಟ್ಟೆ ಹಾಸಿದೆವು. ಒಚಾಮೆ ಮಂಡಿಯೂರಿ ಅದರ ಸುಕ್ಕುಗಳನ್ನು ತೀಡುತ್ತ ಹಿಂದೆ ಹಿಂದೆ ಸರಿದ. ನಾನಾ ಅದರ ಮೇಲೆ ಒಂದೊಂದೇ ಹೆಜ್ಜೆಯಿಟ್ಟು ಬಂದರು. ಬೆಲೆಬಾಳುವ ಒಂದೂ ವಸ್ತು ಮೈಮೇಲಿಲ್ಲದೆ, ಆಸ್ಪತ್ರೆಯ ಹಸಿರು ಅಂಗಿಯಲ್ಲಿ ಅವರು ಬಹಳ ಸಣ್ಣಗೆ ಕಂಡರು.

ನಾನು ಗಾಜಿನ ಈಚೆ ಕೂತು ಮೈಕು ಒತ್ತಿ "ಅಲುಗಾಡಬೇಡಿ" ಎನ್ನುವಷ್ಟರಲ್ಲಿ ಒಚಾಮೆ ನನ್ನ ಕೈ ತಡೆದ. ಮೈಕನ್ನು ತಾನೇ ಎಳೆದುಕೊಂಡ.

"ನಾನಾ, ಬೆಟ್ಟ ಕೂತ ಕಡೆ ಕೂತಿರುತ್ತೆ, ಗಾಳಿ ಬಂದು ಹೋಗುತ್ತೆ ಅಂತ ಡಾಕ್ಟ್ರಮ್ಮ ಅರಿಕೆ ಮಾಡ್ಕೊಳ್ತಾರೆ."

"ನಾನು ಎಲ್ಲಿ ಬೆಟ್ಟ ಅಂದೆ?"

"ನೀವಂದದ್ದು ಅವರ ಕಿವಿಗೆ ಹೋಗೋ ಮಾತಾ? ನಮ್ಮೂರ ಹುಡುಗಿಯಾಗಿ ಹೀಗೆ ಕೇಳ್ತೀರಲ್ಲ."

ಬೆಟ್ಟ ಅಲುಗಾಡಲಿಲ್ಲ. ಚಿತ್ರಗಳು ಒಂದೊಂದಾಗಿ ಬಂದವು. ಮೊದಲಿನವು ನೀರು ಬೆಳ್ಳಗೆ ಕಾಣುವ ಚಿತ್ರಗಳು. ಹಳೆಯ ಭಗಂದರದಲ್ಲಿ ಸಾಮಾನ್ಯವಾಗಿ ಒಂದು ಸಣ್ಣ ಬಿಳಿ ದಾರ ಕಾಣುತ್ತದೆ, ಹೆಚ್ಚೆಂದರೆ ಅದಕ್ಕೆ ಒಂದೆರಡು ಕವಲು. ಇಲ್ಲಿ ದಾರ ಒಳಗೆ ಹೋಗುತ್ತ ಹೋಗುತ್ತ ಅಗಲವಾಗಿ, ಒಂದರ ಪಕ್ಕ ಒಂದು ಬಿಳಿ ಹೊಂಡಗಳಾಗಿ ಕೂತಿತ್ತು. ಕೀವಿನ ಗಂಟು ಇಷ್ಟು ದೊಡ್ಡದಾದರೆ ಮನುಷ್ಯ ಜ್ವರದಲ್ಲಿ ನಡುಗುತ್ತಿರಬೇಕು. ನಾನಾಗೆ ಜ್ವರವಿರಲಿಲ್ಲ. ಇದು ಕೀವಲ್ಲ, ಬೇರೇನೋ.

"ಒಚಾಮೆ, ಒಳಗೆ ಏನಾದ್ರೂ ಇಡ್ತೀರಾ?"

"ಬೆಳಗಿನ ಹೊತ್ತು ನಾನಾ ಅವರ ಆಸನವನ್ನ ಉತ್ತರ ಸೀಮೆ ತಂಪು ಮಾಡುತ್ತೆ."

"ಉತ್ತರದಿಂದ ಬರೋ ಶಿಯಾ ಕಾಯಿ ಬೆಣ್ಣೆನಾ?"

"ಜನ ಹಾಗಂತಾರೆ."

"ಬತ್ತಿ ಹೊಸೆದು ತೂತಿನೊಳಗೆ ತುರುಕ್ತೀರಾ?"

ಅವನು ತಾರಸಿ ನೋಡಿದ. "ಇಡಲಾಗುತ್ತೆ," ಎಂದ.

ಹೇಳುತ್ತೇನೆ, ಆ ಕ್ಷಣ ನನಗಾದಷ್ಟು ಸಂತೋಷ ಯಾವ ಚಿತ್ರ ನೋಡಿಯೂ ಆಗಿರಲಿಲ್ಲ. ಬೆಣ್ಣೆಯೂ ಈ ಚಿತ್ರದಲ್ಲಿ ಬೆಳ್ಳಗೇ ಕಾಣುತ್ತದೆ. ಹತ್ತು ವರ್ಷ ದಿನಾ ತುರುಕಿದ ಬೆಣ್ಣೆ ಒಳಗೆಲ್ಲ ಹೋಗಿ ಗೂಡು ಕಟ್ಟಿದೆ, ಅಷ್ಟೇ. ಇಂಥದ್ದನ್ನು ನಮ್ಮ ಕಡೆಯವರಲ್ಲದೆ ಬೇರೆ ಯಾರು ಮಾಡುತ್ತಾರೆ ಎಂದು ನಗುವೂ ಬಂತು. ಬೆಣ್ಣೆಯೇ ಎಂದು ಖಚಿತ ಮಾಡಿಕೊಳ್ಳುವುದು ಸುಲಭ. ಕೊಬ್ಬಿನ ಬೆಳಕನ್ನಷ್ಟೇ ಆರಿಸುವ ಒಂದು ಬಗೆಯ ಚಿತ್ರವಿದೆ. ಅದರಲ್ಲಿ ಎಣ್ಣೆ, ಬೆಣ್ಣೆ, ಮೈಯ ಕೊಬ್ಬು ಎಲ್ಲ ಕಪ್ಪಾಗುತ್ತವೆ. ಅದನ್ನು ತೆಗೆಯಲು ಹೇಳಿ, ಒಚಾಮೆಗೆ ಕುರ್ಚಿ ಕೊಟ್ಟೆ.

ಚಿತ್ರ ಬಂತು. ತೂತಿನ ಬಾಯಲ್ಲಿದ್ದ ಬತ್ತಿಯಷ್ಟು ಬಿಳುಪು ಮಾಯವಾಗಿತ್ತು. ಅದು ಬೆಣ್ಣೆ. ಸುತ್ತಲಿನ ಕೊಬ್ಬು ಕಪ್ಪಾಗಿತ್ತು. ಒಳಗಿನ ಹೊಂಡಗಳು ಮಾತ್ರ ಒಂದೂ ಆರಿರಲಿಲ್ಲ. ಸುತ್ತ ಕತ್ತಲಾದದ್ದರಿಂದ ಮೊದಲಿಗಿಂತ ಚೆನ್ನಾಗಿಯೇ ಹೊಳೆಯುತ್ತಿದ್ದವು. ರಕ್ತನಾಳಕ್ಕೆ ಮದ್ದು ಕೊಟ್ಟು ಮತ್ತೆ ತೆಗೆದಾಗ ಹೊಂಡಗಳ ಗೋಡೆಗಳು, ನಡುವಿನ ಸಣ್ಣ ಸಣ್ಣ ಎಳೆಗಳು, ಒಂದು ಕಡೆ ಗಟ್ಟಿ ಮಾಂಸದ ಗಡ್ಡೆ, ಎಲ್ಲ ಬೆಳಗಿದವು. ಕೀವಿನ ಗಂಟಿಗೆ ಹೊರಗೋಡೆ ಇರುತ್ತದೆ, ಒಳಗೆ ಇಂಥ ಬಲೆ ಇರುವುದಿಲ್ಲ. ಬಹಳ ವರ್ಷ ಮಾಯದೆ ಉಳಿದ ಭಗಂದರದ ದಾರಿಯೊಳಗೇ ಅಪರೂಪಕ್ಕೆ ಹುಟ್ಟುವ, ಲೋಳೆ ಸುರಿಸುತ್ತ ಬೆಳೆಯುವ ಕ್ಯಾನ್ಸರ್ ಒಂದಿದೆ. ಅದನ್ನು ಪುಸ್ತಕದ ಹೊರಗೆ ನಾನು ಒಮ್ಮೆ ಮಾತ್ರ ನೋಡಿದ್ದೆ.

"ಒಚಾಮೆ, ಅಲ್ಲಿಂದ ಬರೋದು ಹೇಗಿರುತ್ತೆ?"

"ಬೆಳಗಿನ ಇಬ್ಬನಿ."

"ಈ ಇಬ್ಬನಿ ಕಥೆ ಮೊದಲು ಯಾರಿಗಾದ್ರೂ ಹೇಳಿದ್ರಾ?"

"ಎರಡು ವರ್ಷದ ಹಿಂದೆ ಬೇರೆ ಕಡೆ ಒಬ್ರು ಡಾಕ್ಟ್ರು ಕೇಳಿದ್ರು. ಹೇಳ್ದೆ. ಅವರು ತಲೆ ಆಡಿಸಿದ್ರು, ಕೂಕೊ ಅಂದ್ರು, ಮುಲಾಮು ಕೊಟ್ರು."

"ಈಗ ನನಗೆ ಹೇಳಿ. ಇಬ್ಬನಿ ಬೇಡ. ಬಟ್ಟೆ ತೊಳೆಯೋರು ನೀವು ತಾನೇ? ಕಣ್ಣಾರೆ ಕಂಡದ್ದು ಹೇಳಿ."

ಅವನು ಕೋಲಿನ ಟವೆಲನ್ನು ಬಿಚ್ಚಿ ಮತ್ತೆ ಸುತ್ತಿದ. "ಬೆಂಡೆಕಾಯಿ ಸಾರಿನ ಹಾಗೆ," ಎಂದ ಬಹಳ ಮೆಲ್ಲಗೆ. "ಎತ್ತಿದ್ರೆ ನೂಲು ಬರುತ್ತೆ. ಒಂದೊಂದ್ಸಲ ರಕ್ತ."

ಸಿಟ್ಟು ನೆತ್ತಿಗೇರಿತು. ಎರಡು ವರ್ಷದ ಹಿಂದೆ ಈ ಒಂದು ಮಾತು ಬಾಯಿಂದ ಬಿದ್ದಿದ್ದರೆ! "ನಿಮ್ಮ ನಾಲಿಗೆ ಚಿನ್ನದ್ದು ಅಂತಾರಲ್ಲ ಊರಲ್ಲಿ," ಎಂದೆ. "ಅದನ್ನ ಬಾಯಲ್ಲೇ ಇಟ್ಕೊಂಡು ಪೂಜೆ ಮಾಡಿ. ನಿಮ್ಮ ನಾನಾನ ಕೊಂದದ್ದು ಅದೇ."

ಅವನು ನನ್ನನ್ನು ತಿರುಗಿ ಬೈಯಲಿಲ್ಲ. "ನನ್ನ ಬಾಯಿಂದ ಹೊರಟದ್ದು ನನ್ನದಲ್ಲ ಡಾಕ್ಟ್ರಮ್ಮ," ಎಂದ. "ನಾನು ಕೀವು ಅಂದ್ರೆ ನಾನಾನೇ ನಾಲ್ಕು ಜನರ ಮುಂದೆ ಕೀವು ಅಂದ ಹಾಗೆ. ಅವರ ಮಾನ ಕಾಯೋಕೆ ಅಂತ ನನ್ನ ಕೈಗೆ ಕೋಲು ಕೊಟ್ಟಿದಾರೆ. ಜೀವ ಕಾಯೋಕೆ ಅಂತ ಯಾರೂ ಹೇಳಿರ್ಲಿಲ್ಲ." ಅವನ ಕಣ್ಣು ತುಂಬಿತ್ತು. ಅವನಿಗೆ ಎಪ್ಪತ್ತರ ಹತ್ತಿರ.

ಸೂಜಿ ಹಾಕಿ ಒಂದು ಚೂರು ತೆಗೆಯಲು ಕ್ಪೊಡೊ ಕೇಳಿದಾಗ ನಾನಾ ಒಪ್ಪಿದರು. ಸೊಳ್ಳೆ ಕಚ್ಚಿದ್ದಕ್ಕೆ ಯಾವ ದೊರೆಯನ್ನೂ ಇಳಿಸಿಲ್ಲ ಎಂದು ಒಚಾಮೆಯ ಮೂಲಕ ಹೇಳಿಸಿದರು. ಮಾಂಸದ ಪರೀಕ್ಷೆಯ ಫಲ ಬಂತು. ನಾನು ಹೆದರಿದ್ದೇ ನಿಜವಾಗಿತ್ತು.

ಕ್ಪೊಡೊ ನನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡರು. "ಬೇರೆ ಎಲ್ಲೂ ಹರಡಿಲ್ಲ. ಮೊದಲು ಕಿರಣ ಕೊಟ್ಟು ಆಮೇಲೆ ಪೂರ್ತಿ ತೆಗೆದ್ರೆ ಬದುಕ್ತಾರೆ. ಆದ್ರೆ ಗುದದ ದಾರಿ ಮುಚ್ಚಬೇಕು. ಹೊಟ್ಟೆ ಮೇಲೆ ಬಾಯಿ ಮಾಡಿ ಚೀಲ ಕಟ್ಟಬೇಕು, ಸಾಯೋ ತನಕ."

"ಅದು ಅವರಿಗೆ ಆಗಲ್ಲ ಅಂತ ಗೊತ್ತಲ್ಲ ನಿಮಗೆ?"

"ಅದಕ್ಕೇ ನಿಮ್ಮ ಹತ್ರ ಬಂದೆ. ನಾನು ಹೇಳೋಕೆ ಹೋಗಿ ಇನ್ನೇನೋ ಅವಮಾನ ಆದೀತು. ನಿಮ್ಮೂರಿನವರು, ನೀವೇ ಹೇಳಿ."

ನಮ್ಮ ದೊರೆಗಳು ಹಬ್ಬದ ದಿನ ಎಡಹೆಗಲಿಗೆ ಬಟ್ಟೆ ಹೊದ್ದು, ಬಲ ಎದೆ ಬಿಟ್ಟು ಕೂರುತ್ತಾರೆ. ಆ ಬಟ್ಟೆಯ ಕೆಳಗೆ ಚೀಲವೊಂದನ್ನು ಎಷ್ಟು ದಿನ ಮುಚ್ಚಿಡಬಹುದು? ಮುಚ್ಚಿಟ್ಟರೂ, ಸತ್ತ ದೊರೆಗಳ ಕರಿಪೀಠಗಳನ್ನಿಟ್ಟ ಕೋಣೆಯಲ್ಲಿ ಪೂರ್ವಿಕರಿಗೆ ಹೆಂಡ ಎರೆಯಬೇಕು, ಊನದ ಮೈಯಲ್ಲಿ ಅಲ್ಲಿಗೆ ಕಾಲಿಡಲು ನಾನಾ ಒಪ್ಪುವವರಲ್ಲ. ಕಣ್ಣಿಗೆ ಮಣ್ಣೆರಚಿ ಬದುಕುವ ಮನುಷ್ಯ ಅವರಾಗಿರಲಿಲ್ಲ. ಕಾಯಿಲೆಯೊಂದನ್ನು ಬಿಟ್ಟು ಅವರು ಬೇರೇನನ್ನೂ ಮುಚ್ಚಿಟ್ಟವರಲ್ಲ. ಪೀಠ ಬೇಕೆಂದರೆ ಜೀವ ಬಿಡಬೇಕು. ಜೀವ ಬೇಕೆಂದರೆ ಪೀಠ ಬಿಡಬೇಕು. ಇದನ್ನು ನಾನು ಹೇಳಬೇಕು, ಅದೂ ಒಚಾಮೆಯ ನಾಲಿಗೆಯ ಮೇಲೆ.

ಅವರನ್ನು ಯಂತ್ರದ ಪಕ್ಕದ ಸಣ್ಣ ಕೋಣೆಯಲ್ಲಿ ಕೂರಿಸಿದೆ. ಕುರ್ಚಿಗೆ ಮೆತ್ತೆ ಹಾಕಿದ್ದೆ. ನಾನಾ ವಾಲಿ ಕೂತರು. ಒಚಾಮೆ ಪಕ್ಕದಲ್ಲಿ ಕೋಲು ಹಿಡಿದು ನಿಂತ. ನಾನು ಪರದೆಯ ಮೇಲೆ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟೆ.

"ಒಚಾಮೆ, ನಾನಾ ಅವರಿಗೆ ತಿಳಿಸಿ. ಇದು ಕೂಕೊ ಅಲ್ಲ. ಬೆಣ್ಣೆಯೂ ಅಲ್ಲ. ಹಳೇ ಹುಣ್ಣಿನ ದಾರೀಲಿ ಕ್ಯಾನ್ಸರ್ ಹುಟ್ಟಿದೆ."

ಒಚಾಮೆ ಗಂಟಲು ಸರಿ ಮಾಡಿಕೊಂಡ. ತುಟಿ ಅಲುಗಿತು. ಊರಿಗೆ ಬರ ಬಂದಾಗ, ಸಾವು ಬಂದಾಗ, ಎಂಥೆಂಥ ಸುದ್ದಿಗೋ ಬಟ್ಟೆ ಉಡಿಸಿದ ಮನುಷ್ಯ. "ನಾನಾ," ಎಂದ, "ಮನೆಗೆ ಒಬ್ಬ... ಒಬ್ಬ ನೆಂಟ..." ಅಲ್ಲಿಗೆ ನಿಂತುಬಿಟ್ಟ. ನಾನಾ ಪರದೆಯನ್ನೇ ನೋಡುತ್ತಿದ್ದರು. ಆಮೇಲೆ ಒಚಾಮೆಯ ಕಿವಿಗೆ ಏನೋ ಹೇಳಿದರು.

"ಆ ಬೆಳ್ಳಗಿರೋದು ಯಾವುದು ಅಂತ ನಾನಾ ಕೇಳ್ತಾರೆ."

"ಅದೇ ಅದು. ಈ ಚಿತ್ರದಲ್ಲಿ ಬೆಣ್ಣೆ ಆರಿ ಹೋಗಿದೆ. ಅದು ಆರಿಲ್ಲ."

ನಾನಾ ಮತ್ತೆ ಗೊಣಗಿದರು. "ಲಾರಿ ಕೆಳಗೆ ಮಲಗಿ ದೀಪ ಹಿಡಿದು ನೋಡಿದ ಹಾಗಿದೆ ಅಂತಾರೆ," ಎಂದ ಒಚಾಮೆ. ನನಗೆ ಮರೆತೇಹೋಗಿತ್ತು. ಪೀಠಕ್ಕೆ ಬರುವ ಮೊದಲು ನಾನಾ ಇದೇ ಕುಮಾಸಿಯ ಸುವಾಮೆಯಲ್ಲಿ ಲಾರಿ ಮೆಕ್ಯಾನಿಕ್ ಆಗಿದ್ದರು. ಆಗ ಅವರ ಹೆಸರು ಕ್ವಾಕು ಬೆರ್ಕೊ. ರಾಜಮಾತೆ, ಅಂದರೆ ಅವರ ಅಕ್ಕ, ಮುಂದಿನ ದೊರೆ ಇವನೇ ಎಂದು ಹೆಸರು ಹೇಳಿದಾಗ ಎಣ್ಣೆ ಕೈಯಲ್ಲೇ ಊರಿಗೆ ಕರೆದೊಯ್ದಿದ್ದರಂತೆ.

ಉಳಿದದ್ದನ್ನು ಹೇಳಿದೆ. ಕಿರಣ, ಕತ್ತರಿ, ಹೊಟ್ಟೆಯ ಮೇಲಿನ ಬಾಯಿ, ಚೀಲ. ಮಾಡಿಸಿದರೆ ಬದುಕುವ ಸಾಧ್ಯತೆ ಚೆನ್ನಾಗಿದೆ, ಮಾಡಿಸದಿದ್ದರೆ ಮುಂದಿನ ಗೆಣಸಿನ ಹಬ್ಬ ನೋಡುವುದು ಕಷ್ಟ. ಒಚಾಮೆ ಒಂದು ಮಾತನ್ನೂ ದಾಟಿಸಲಿಲ್ಲ. ಕೋಲಿಗೆ ಹಣೆ ಆನಿಸಿ ನಿಂತಿದ್ದ. ಹೊರಗೆ ವರಾಂಡದಲ್ಲಿ ಯಾರೋ ಹೆಂಗಸು ನೀರಿನ ಪೊಟ್ಟಣ ಮಾರುತ್ತ ಕೂಗುತ್ತಿದ್ದಳು.

ಕೊನೆಗೆ ನಾನಾ ಅವನ ತೋಳು ಮುಟ್ಟಿ ಏನೋ ಹೇಳಿದರು.

"ಮೈ ಪೂರ್ತಿ ಉಳಿಯುತ್ತಾ ಅಂತ ಕೇಳ್ತಾರೆ," ಎಂದ ಒಚಾಮೆ. ಅವನ ದನಿಯಲ್ಲಿ ಯಾವ ಅಲಂಕಾರವೂ ಇರಲಿಲ್ಲ.

"ಇಲ್ಲ," ಎಂದೆ.

ನಾನಾ ತಲೆಯಾಡಿಸಿದರು. ಆಮೇಲೆ ಬಗ್ಗಿ ಬಲಗಾಲಿನ ಚಪ್ಪಲಿ ಬಿಚ್ಚಿದರು. ಎಡಗಾಲಿನದ್ದನ್ನೂ ಬಿಚ್ಚಿದರು. ಮತ್ತೆ ಯಂತ್ರದೊಳಗೆ ಹೋಗಬೇಕೆಂದು ತಿಳಿದಿದ್ದಾರೆ ಎಂದುಕೊಂಡೆ. ಒಚಾಮೆಯೂ ಹಾಗೇ ಅಂದುಕೊಂಡಿರಬೇಕು, ಮೂಲೆಯಲ್ಲಿ ಮಡಿಸಿಟ್ಟ ಬಿಳಿ ಬಟ್ಟೆಗೆ ಕೈಹಾಕಿದ. ನಾನಾ ಕೈಯೆತ್ತಿ ಅವನನ್ನು ತಡೆದರು. ಬರಿಗಾಲುಗಳನ್ನು ಸಿಮೆಂಟಿನ ಮೇಲೆ ಊರಿದರು. ಎರಡು ಕೈಯಲ್ಲೂ ಕುರ್ಚಿ ಹಿಡಿದು, ಹಲ್ಲು ಕಚ್ಚಿ, ನಿಧಾನವಾಗಿ ಕೆಳಕ್ಕೆ ಇಳಿದರು. ಬರಿನೆಲದ ಮೇಲೆ ಕೂತರು. ವಾಲಲಿಲ್ಲ, ನೆಟ್ಟಗೆ ಕೂತರು. ನೋವಿಗೆ ಅವರ ಕಣ್ಣಿಂದ ನೀರಿಳಿಯಿತು.

"ನಾನಾ! ಏಳಿ!" ಒಚಾಮೆ ಕೋಲು ಬಿಟ್ಟು ಅವರ ಕಂಕುಳಿಗೆ ಕೈಹಾಕಿದ. "ಯಾರೂ ನೋಡಿಲ್ಲ. ನಾನು ನೋಡಿಲ್ಲ. ಡಾಕ್ಟ್ರಮ್ಮ, ನೀವು ನೋಡಿಲ್ಲ ಅಲ್ವಾ? ಹೇಳಿ!"

"ನೋಡಿದೀಯ ಕಣೋ ಡುವಾ," ಎಂದರು ನಾನಾ. "ನೀನೇ ನೋಡಿದೀಯ. ಬಿಡು ನನ್ನ."

ಅವರ ದನಿಯನ್ನು ನಾನು ಕೇಳಿದ್ದು ಅದೇ ಮೊದಲು. ಸ್ವಲ್ಪ ಕೀರಲು ದನಿ, ಸುವಾಮೆಯ ಬೀದಿಯಲ್ಲಿ ಸ್ಪ್ಯಾನರ್ ಕೇಳುವವರದ್ದೇ ದನಿ. ಒಚಾಮೆ ಅವರನ್ನು ಬಿಟ್ಟು ಗೋಡೆಗೆ ಒರಗಿದ.

"ಹತ್ತೊಂಬತ್ತು ವರ್ಷ ಆಯ್ತು ನೆಲಕ್ಕೆ ಕೂತು," ಎಂದು ಅವರು ಅಂಗೈಯಿಂದ ಸಿಮೆಂಟು ಸವರಿದರು. "ಮೊದಲೆಲ್ಲ ಇಡೀ ದಿನ ಇಲ್ಲೇ ಇರ್ತಿದ್ದೆ." ಆಮೇಲೆ ಒಚಾಮೆಯ ಕಡೆ ತಿರುಗಿದರು. "ಅಕ್ಕನ ಹತ್ರ ಹೋಗು. ಪೀಠ ಖಾಲಿ ಇದೆ, ಮೈ ಪೂರ್ತಿ ಇರೋನನ್ನ ಹುಡುಕು ಅಂತ ಹೇಳು. ಇದೊಂದನ್ನ ಮೆತ್ತಗೆ ಮಾಡ್ಬೇಡ. ನಾನು ಹೇಳಿದ ಹಾಗೇ ಹೇಳು."

"ಹೇಳ್ತೀನಿ," ಎಂದ ಅವನು. ಬಾಯಿಗೆ ಬಂದ "ನಾನಾ"ವನ್ನು ನುಂಗಿಕೊಂಡ. ಅದನ್ನು ನುಂಗುವಾಗ ಅವನ ಮುಖ ನೋಡಲಾಗಲಿಲ್ಲ.

ಅವರು ನನ್ನ ಕಡೆ ನೋಡಿದರು. "ಅಫ್ರಿಯೆ," ಎಂದರು. ನನ್ನ ಹೆಸರು ಅವರಿಗೆ ಗೊತ್ತಿದೆ ಎಂದೇ ನನಗೆ ಗೊತ್ತಿರಲಿಲ್ಲ. "ತುಂಬಾ ನೋವಾಗುತ್ತಾ?"

ಅಭ್ಯಾಸಬಲದಿಂದ ನಾನು ಉತ್ತರ ಹೇಳಲು ಒಚಾಮೆಯ ಕಡೆ ತಿರುಗಿದೆ. ಅವನ ಕೈ ಖಾಲಿಯಿತ್ತು, ಕೋಲು ನೆಲದ ಮೇಲೆ ಬಿದ್ದಿತ್ತು. ನಾನು ಕುರ್ಚಿ ಬಿಟ್ಟು ಇಳಿದು, ಅವರ ಎದುರು ನೆಲದ ಮೇಲೆ ಕೂತೆ.

"ಆಗುತ್ತೆ, ಕ್ವಾಕು ಮಾಮ," ಎಂದೆ.